ಕಾವಲಿದ್ದೂ ಕಳವು

ಶರೀರವನ್ನು ಪುರವೆಂದೂ, ಇಂದ್ರಿಯಗಳನ್ನು ಅದರ ಬಾಗಿಲುಗಳೆಂದೂ, ಒಳಗಿರುವ ಜೀವನನ್ನು ಪುರದ ಒಡೆಯನೆಂದೂ ಹೇಳುವುದು ನಮ್ಮ ಹಿರಿಯರ ವಾಡಿಕೆ. ಪುರವಿದ್ದ ಮೇಲೆ ಕೋಟೆ ಬೇಕು. ಕೋಟೆಯಿದ್ದ ಮೇಲೆ ಕಾವಲು ಬೇಕು. ಅಂತಹ ಕಾವಲು ನಮ್ಮ ಮೈಯಲ್ಲಿ ನಿಜವಾಗಿಯೂ ಇರುವುದೆಂಬುದನ್ನು ಈಚಿನ ನೂರೈವತ್ತು ವರ್ಷಗಳ ಶಾಸ್ತ್ರಜ್ಞರು ಕಣ್ಣಾರೆ ಕಂಡು ಹೇಳಿರುವರು. ಮುಳ್ಳು ಚುಚ್ಚಿದ ಕಡೆ ಕೀವು ಕಟ್ಟುವುದೂ, ಒಮ್ಮೆ ದಡಾರ ಬಂದವನಿಗೆ ಸಾಮಾನ್ಯವಾಗಿ ಮತ್ತೆ ಅದು ಬಾರದಿರುವುದೂ ಈ ಕಾವಲಿನ ಕೆಲಸವೇ. ಹೀಗಿರಲಾಗಿ, ಕ್ಯಾನ್ಸರ್ ಎಂಬ ವ್ಯಾಧಿಯು ಮೈಯೊಳಗೇ ಹುಟ್ಟಿ, ವರ್ಷಗಟ್ಟಲೆ ಬೆಳೆದು, ಕಡೆಗೆ ಪುರವನ್ನೇ ಸೂರೆಮಾಡುವಾಗ ಈ ಕಾವಲುಗಾರರು ಏನು ಮಾಡುತ್ತಿರುವರು? ನಿದ್ರಿಸುತ್ತಿರುವರೇ? ಸತ್ತುಹೋಗಿರುವರೇ? ಅಥವಾ ಕಳ್ಳನೊಡನೆ ಸೇರಿಕೊಂಡಿರುವರೇ?

ಈ ಪ್ರಶ್ನೆಯು ವಿದ್ವಾಂಸರ ಕುತೂಹಲಕ್ಕೆ ಮಾತ್ರ ಸೇರಿದುದಲ್ಲ. ಗೃಹಸ್ಥರಾದ ನಮಗೆಲ್ಲರಿಗೂ ಸೇರಿದುದು. ಮನೆಯಲ್ಲಿ ಒಬ್ಬರಿಗೆ ಈ ರೋಗ ಬಂದಿತೆಂದೊಡನೆ, ‘ಇವರ ಮೈಯಲ್ಲಿ ರೋಗನಿರೋಧ ಶಕ್ತಿ ಕುಂದಿತು, ಅದರಿಂದಲೇ ಹೀಗಾಯಿತು’ ಎಂದು ನೆರೆಹೊರೆಯವರು ತೀರ್ಪು ಕೊಡುವರು. ಆ ಶಕ್ತಿಯನ್ನು ಹೆಚ್ಚಿಸಿಕೊಡುವೆವೆಂದು ಚೂರ್ಣ ಲೇಹ್ಯಗಳನ್ನು ಮಾರುವವರು ಬಾಗಿಲಿಗೆ ಬರುವರು. ಆ ತೀರ್ಪಿನಲ್ಲಿ ದಿಟವೆಷ್ಟು, ಆ ಲೇಹ್ಯದಿಂದ ಪ್ರಯೋಜನವೆಷ್ಟು ಎಂಬುದನ್ನು ಅರಿಯಬೇಕಾದರೆ, ಕಾವಲುಗಾರರಿಗೂ ಅರ್ಬುದಕ್ಕೂ ನಡುವೆ ನಡೆಯುವ ವ್ಯವಹಾರವನ್ನು ಅರಿಯಬೇಕು. ಈ ತಿಂಗಳು ಅದನ್ನೇ ಹೇಳಲು ಹೊರಟಿರುವೆವು. ಉದಾಹರಣೆಗಾಗಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಆರಿಸಿಕೊಂಡಿರುವೆವು. ಕಾವಲನ್ನು ವಂಚಿಸುವುದರಲ್ಲಿ ಇದಕ್ಕೆ ಸಮನಾದ ಅರ್ಬುದಗಳು ಕಡಮೆ.

ಮೇದೋಜೀರಕವು ಜಠರದ ಹಿಂದೆ, ಬೆನ್ನೆಲುಬಿನ ಮುಂದೆ ಅಡ್ಡಲಾಗಿ ಮಲಗಿರುವ ಒಂದು ಗ್ರಂಥಿ. ಇಂಗ್ಲಿಷಿನಲ್ಲಿ ಪ್ಯಾಂಕ್ರಿಯಾಸ್ ಎನ್ನುವುದು ಇದನ್ನೇ. ಇದರ ಉದ್ದ ಸುಮಾರು 15 ಸೆಂಟಿಮೀಟರ್, ಎಂದರೆ ಗೇಣಿಗಿಂತ ಕಡಮೆ. ಬಲಗಡೆಯ ದಪ್ಪ ಭಾಗವನ್ನು ತಲೆಯೆಂದೂ ಎಡಗಡೆಯ ಸಣ್ಣ ತುದಿಯನ್ನು ಬಾಲವೆಂದೂ ಕರೆಯುವರು. ಉಂಡ ಅನ್ನವನ್ನು ಅರಗಿಸುವ ರಸವನ್ನು ಸಣ್ಣಕರುಳಿಗೆ ಸುರಿಸುವುದು ಇದರ ಒಂದು ಕೆಲಸ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಮೊದಲಾದವನ್ನು ರಕ್ತಕ್ಕೆ ಬಿಡುವುದು ಇನ್ನೊಂದು. ಈ ಎರಡನೆಯ ಕೆಲಸವನ್ನು ಮಾಡುವ ಕೋಶಗಳು ಗ್ರಂಥಿಯ ನಡುನಡುವೆ ದ್ವೀಪಗಳಂತೆ ಗುಂಪುಗೂಡಿರುವುದನ್ನು 1869ರಲ್ಲಿ ಬರ್ಲಿನ್ ನಗರದ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ವೈದ್ಯವಿದ್ಯಾರ್ಥಿಯು ಮೊದಲು ವರ್ಣಿಸಿದನು. ಇದೇ ವಿದ್ಯಾರ್ಥಿಯು ಹಿಂದಿನ ವರ್ಷ, 1868ರಲ್ಲಿ, ಮನುಷ್ಯನ ಚರ್ಮದಲ್ಲಿ ಕೊಂಬೆಕೊಂಬೆಯಾಗಿ ಹರಡಿದ ಕೆಲವು ಕೋಶಗಳನ್ನು ಕಂಡು, ಅವು ನರಗಳಿಗೆ ಸೇರಿದವೆಂದು ಭಾವಿಸಿದ್ದನು. ಆ ಕೊಂಬೆಯ ಕೋಶಗಳನ್ನು ವಾಚಕರು ನೆನಪಿನಲ್ಲಿಡತಕ್ಕದ್ದು. ಮುಂದೆ ಅವುಗಳಿಂದ ನಮಗೆ ಕೆಲಸವಿದೆ.

ಈ ಗ್ರಂಥಿಗೆ ಬರುವ ಕ್ಯಾನ್ಸರಿನ ಕ್ರೌರ್ಯವನ್ನು ಎರಡು ಸಂಖ್ಯೆಗಳೇ ಹೇಳುವುವು. 2022ರಲ್ಲಿ ಪ್ರಪಂಚದಲ್ಲಿ ಹೊಸದಾಗಿ ಈ ರೋಗಕ್ಕೆ ಗುರಿಯಾದವರು 5 ಲಕ್ಷಕ್ಕೆ ಮೇಲ್ಪಟ್ಟವರು. ಅದೇ ವರ್ಷ ಅದರಿಂದ ಮೃತರಾದವರು 4 ಲಕ್ಷ 60 ಸಾವಿರಕ್ಕೆ ಮೇಲ್ಪಟ್ಟವರು. ಚಿಕಿತ್ಸೆಯ ಸೌಕರ್ಯಗಳು ಹೇರಳವಾಗಿರುವ ಅಮೆರಿಕದಲ್ಲಿಯೂ, ರೋಗ ಗೊತ್ತಾದ ಮೇಲೆ ಐದು ವರ್ಷ ಬದುಕುವವರು 100ಕ್ಕೆ ಸುಮಾರು 13 ಮಂದಿ ಮಾತ್ರ. ಗ್ರಂಥಿಯು ಹೊಟ್ಟೆಯ ಆಳದಲ್ಲಿರುವುದರಿಂದ ಗಂಟು ಕೈಗೆ ಸಿಕ್ಕುವುದಿಲ್ಲ. ಮೊದಲಲ್ಲಿ ನೋವೂ ಇರುವುದಿಲ್ಲ. ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದಾದ ಅವಸ್ಥೆಯಲ್ಲಿ ವೈದ್ಯರ ಬಳಿಗೆ ಬರುವವರು 100ಕ್ಕೆ 15 ರಿಂದ 20 ಜನ.

ನಮ್ಮ ಪ್ರಾಚೀನರು ಇಂತಹ ಗಂಟುಗಳನ್ನು ಅರ್ಬುದವೆಂದು ಕರೆದರು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅದರ ಲಕ್ಷಣವನ್ನು ಹೇಳಿದೆ: ದುಂಡಾದುದು, ಕದಲದುದು, ನೋವು ಅಲ್ಪವಾದುದು, ಆಳವಾಗಿ ಬೇರೂರಿದುದು, ನಿಧಾನವಾಗಿ ಬೆಳೆಯುವುದು, ಪಾಕವಾಗದುದು. ಪಾಕವಾಗದುದೆಂದರೆ ಕೀವುಗಟ್ಟದುದು. ಈ ಕಡೆಯ ಮಾತು ಬಹು ಸೂಕ್ಷ್ಮವಾದುದು. ಕೀವೆಂದರೆ ಕಾದಾಡಿ ಸತ್ತ ಕಾವಲುಗಾರರ ರಾಶಿ. ಕೀವಿಲ್ಲವೆಂದರೆ ಅಲ್ಲಿ ಅಂತಹ ಕಾದಾಟವಿಲ್ಲ. ಸುಶ್ರುತಸಂಹಿತೆಯು ಇದಕ್ಕೆ ಕಫಮೇದಸ್ಸುಗಳ ಆಧಿಕ್ಯವನ್ನು ಕಾರಣವಾಗಿ ಹೇಳುವುದು; ಜೀವಕೋಶಗಳ ವಿಷಯ ಆ ಕಾಲಕ್ಕೆ ತಿಳಿದಿರಲಿಲ್ಲ. ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಕಂಡುದನ್ನು ಅವರು ನೆಟ್ಟಗೆ ಕಂಡರು; ಕಾರಣವನ್ನು ಹುಡುಕುವ ಕೆಲಸ ಮುಂದಿನವರ ಪಾಲಿಗೆ ಉಳಿಯಿತು.

ಕಾವಲುಗಾರರನ್ನು ಕೆಲಸದಲ್ಲಿ ನಿರತರಾಗಿರುವಾಗಲೇ ಕಂಡವರು ಇಲ್ಯಾ ಮೆಚ್ನಿಕಾಫ್ ಎಂಬ ರಷ್ಯಾದ ಪ್ರಾಣಿಶಾಸ್ತ್ರಜ್ಞರು. 1882ರಲ್ಲಿ ಸಿಸಿಲಿ ದ್ವೀಪದ ಮೆಸ್ಸಿನಾ ಪಟ್ಟಣದಲ್ಲಿದ್ದಾಗ ಅವರು ನಕ್ಷತ್ರಮೀನಿನ ಮರಿಗಳ ಮೈಗೆ ಗುಲಾಬಿಯ ಮುಳ್ಳುಗಳನ್ನು ಚುಚ್ಚಿಟ್ಟರು. ಆ ಮರಿಗಳ ಮೈ ಗಾಜಿನಂತೆ ಪಾರದರ್ಶಕವಾದುದು. ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಲಾಗಿ, ಅಲೆದಾಡುವ ಕೋಶಗಳು ಬಂದು ಮುಳ್ಳನ್ನು ಮುತ್ತಿಕೊಂಡಿದ್ದುವು. ಹೊರಗಿನಿಂದ ನುಗ್ಗಿದುದನ್ನು ನುಂಗುವ ಈ ಕೋಶಗಳ ವಿಚಾರವಾಗಿ ಮಾಡಿದ ಕೆಲಸಕ್ಕೆ ಅವರಿಗೆ 1908ರಲ್ಲಿ ಪಾಲ್ ಎರ್ಲಿಖ್‌ರವರೊಡನೆ ನೊಬೆಲ್ ಬಹುಮಾನ ಬಂದಿತು. ಇಂತಹ ಭಕ್ಷಕ ಕೋಶಗಳಲ್ಲಿ ದೊಡ್ಡವಕ್ಕೆ ಮ್ಯಾಕ್ರೊಫೇಜ್ ಎಂದು ಹೆಸರು, ನಾವು ಮಹಾಭಕ್ಷಕಗಳೆನ್ನೋಣ.

ಭಕ್ಷಕಗಳು ಬೀದಿಯ ಕಾವಲುಗಾರರು. ಇವರಿಗಿಂತ ನಿಪುಣರಾದವರು ಟಿ ಕೋಶಗಳೆಂಬ ಬಿಳಿಯ ರಕ್ತಕಣಗಳು. ಇವು ಎದೆಗೂಡಿನಲ್ಲಿರುವ ಥೈಮಸ್ ಎಂಬ ಗ್ರಂಥಿಯಲ್ಲಿ ವಿದ್ಯಾಭ್ಯಾಸ ಮಾಡಿ ಹೊರಬರುವುವು. ಆ ಪಾಠಶಾಲೆಯ ಪರೀಕ್ಷೆ ಕಠಿನವಾದುದು. ತನ್ನವರನ್ನೇ ಹೊಡೆಯುವ ಸ್ವಭಾವ ಕಂಡುಬಂದ ಶಿಷ್ಯರಲ್ಲಿ ಬಹುಮಂದಿಯನ್ನು ಅಲ್ಲಿಯೇ ಮುಗಿಸಿಬಿಡುವರು. ತೇರ್ಗಡೆಯಾದ ಒಂದೊಂದು ಕೋಶಕ್ಕೂ ಒಂದೊಂದು ಗುರುತು ಮಾತ್ರ ಗೊತ್ತು. ಆ ಗುರುತುಳ್ಳ ವೈರಿಯನ್ನು ಕಂಡರೆ ಮುಟ್ಟಿ ಕೊಲ್ಲುವುದು. ಕಾಣದಿದ್ದರೆ ಸುಮ್ಮನೆ ಸಂಚರಿಸುತ್ತಿರುವುದು.

ಹಾಗಾದರೆ ಗುರುತನ್ನು ತೋರಿಸುವವರು ಯಾರು? ನಮ್ಮ ಮೈಯ ಬಹುಪಾಲು ಕೋಶಗಳು ತಮ್ಮೊಳಗಿನ ಸರಕಿನ ಚೂರುಗಳನ್ನು ಮೇಲ್ಮೈಯಲ್ಲಿ ಎತ್ತಿ ಹಿಡಿದಿರುವುವು. ಸುಂಕದ ಕಟ್ಟೆಯಲ್ಲಿ ವರ್ತಕನು ಮೂಟೆಯಿಂದ ಹಿಡಿ ಸರಕನ್ನು ತೆಗೆದು ತೋರಿಸುವಂತೆ ಇದು. ಸರಕು ಕೆಟ್ಟುದಾಗಿದ್ದರೆ ಟಿ ಕೋಶವು ತಿಳಿದುಕೊಳ್ಳಬೇಕು. ಆದರೆ ಹೊಸ ಬಗೆಯ ಕೇಡನ್ನು ಮೊದಲ ಬಾರಿಗೆ ಟಿ ಕೋಶಗಳಿಗೆ ಕಲಿಸಲು ಬೇರೆ ದೂತರು ಬೇಕು. ಈ ದೂತರನ್ನು 1973ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿದ್ಯಾಸಂಸ್ಥೆಯಲ್ಲಿ ರಾಲ್ಫ್ ಸ್ಟೈನ್‌ಮನ್ ಎಂಬ ತರುಣ ವೈದ್ಯರು ತಮ್ಮ ಗುರು ಜಾನ್‌ವಿಲ್ ಕೋನ್‌ರವರೊಡನೆ ಇಲಿಯ ಪ್ಲೀಹದಲ್ಲಿ ಕಂಡುಹಿಡಿದರು. ಮರದಂತೆ ಕೊಂಬೆಗಳನ್ನು ಚಾಚಿದ್ದುದರಿಂದ, ಮರವೆಂಬ ಅರ್ಥವುಳ್ಳ ಗ್ರೀಕ್ ಶಬ್ದವನ್ನು ಹಿಡಿದು, ಅವಕ್ಕೆ ಡೆಂಡ್ರಿಟಿಕ್ ಕೋಶಗಳೆಂದು ಹೆಸರಿಟ್ಟರು. ಶಾಖಾಕೋಶಗಳೆಂದರೆ ನಮಗೆ ಸುಲಭವಾದೀತು. ಇವು ಮೈಯೆಲ್ಲ ತಿರುಗಿ, ಕೇಡಿನ ಚೂರನ್ನು ಹೊತ್ತು, ಸಮೀಪದ ದುಗ್ಧಗ್ರಂಥಿಗೆ ಹೋಗಿ, ಅಲ್ಲಿರುವ ಟಿ ಕೋಶಗಳಿಗೆ ‘ಇದೇ ವೈರಿಯ ಗುರುತು’ ಎಂದು ತೋರಿಸಿಕೊಡುವುವು. 1868ರಲ್ಲಿ ಲ್ಯಾಂಗರ್‌ಹಾನ್ಸ್‌ನು ಚರ್ಮದಲ್ಲಿ ಕಂಡು ನರಗಳೆಂದು ಬಗೆದಿದ್ದ ಕೋಶಗಳೂ ಈ ದೂತರ ಕುಲಕ್ಕೇ ಸೇರಿದವೆಂದು ನೂರು ವರ್ಷಗಳಾದ ಮೇಲೆ ಸ್ಪಷ್ಟವಾಯಿತು.

ಇಷ್ಟು ವ್ಯವಸ್ಥೆಯಿರುವ ಪುರದಲ್ಲಿ ಕಳವು ಹೇಗೆ ನಡೆಯುವುದು? ಮೇದೋಜೀರಕದ ಕ್ಯಾನ್ಸರು ಹುಟ್ಟುವುದು ಒಂದು ಆಜ್ಞೆ ಕೆಡುವುದರಿಂದ. ಕೆ-ರಾಸ್ ಎಂಬ ಜೀನು ಕೋಶಕ್ಕೆ ‘ಬೆಳೆ’ ಎಂದೂ ‘ನಿಲ್ಲು’ ಎಂದೂ ಸಮಯವರಿತು ಹೇಳುವ ಗುಂಡಿಯಂತಿರುವುದು. ಅದು ಕೆಟ್ಟು, ಸದಾ ‘ಬೆಳೆ, ಬೆಳೆ’ ಎನ್ನುತ್ತಿರುವುದೇ ರೋಗದ ಬೀಜ. ಈ ಕ್ಯಾನ್ಸರುಗಳಲ್ಲಿ 100ಕ್ಕೆ 90ಕ್ಕೂ ಮೇಲ್ಪಟ್ಟು ಇದನ್ನೇ ಕಾಣಬಹುದು. ಬೀಜ ಬಿದ್ದೊಡನೆ ರೋಗ ಕಾಣಿಸುವುದಿಲ್ಲ. ಮೊದಲ ಕೇಡಿನಿಂದ ನಿಜವಾದ ಕ್ಯಾನ್ಸರ್ ಕೋಶವಾಗಲು ಹತ್ತು ವರ್ಷಗಳಿಗೂ ಹೆಚ್ಚು ಕಾಲವೂ, ಅದು ಬೇರೆ ಅಂಗಗಳಿಗೆ ಹರಡುವ ಸಾಮರ್ಥ್ಯವನ್ನು ಪಡೆಯಲು ಮತ್ತೆ ಐದು ವರ್ಷಗಳಷ್ಟೂ ಹಿಡಿಯುವುದೆಂದು 2010ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕಹಾಕಿರುವರು. ಎಂದರೆ ಕಳ್ಳನಿಗೆ ಸಿದ್ಧತೆ ಮಾಡಿಕೊಳ್ಳಲು ಬೇಕಾದಷ್ಟು ಕಾಲ ಸಿಕ್ಕುವುದು.

ಆ ಸಿದ್ಧತೆಯಲ್ಲಿ ಮೊದಲನೆಯದು ಗೋಡೆ. ಮೇದೋಜೀರಕದಲ್ಲಿ ನಕ್ಷತ್ರಾಕಾರದ ಕೆಲವು ಕೋಶಗಳು ಸ್ವಸ್ಥಸ್ಥಿತಿಯಲ್ಲಿ ಸುಮ್ಮನಿದ್ದು, ಗ್ರಂಥಿಗೆ ಗಾಯವಾದಾಗ ಎದ್ದು, ನಾರನ್ನು ನೇಯ್ದು ಗಾಯವನ್ನು ಮುಚ್ಚುವುವು. ಅರ್ಬುದವು ಇವುಗಳಿಗೆ ‘ಗಾಯವಾಗಿದೆ’ ಎಂಬ ಸಂದೇಶವನ್ನು ಬಿಡದೆ ಕಳುಹಿಸುತ್ತಿರುವುದು. ಅವು ಬಿಡದೆ ನಾರು ನೇಯುತ್ತಿರುವುವು. ಕಡೆಗೆ ಅನೇಕ ಗಂಟುಗಳಲ್ಲಿ ಕ್ಯಾನ್ಸರ್ ಕೋಶಗಳಿಗಿಂತ ಈ ನಾರಿನ ಪಾಲೇ ಬಹಳ ಹೆಚ್ಚಾಗುವುದು; 100ರಲ್ಲಿ 80 ಭಾಗಕ್ಕೂ ಮೀರುವುದುಂಟು. ಗಂಟು ಕಲ್ಲಿನಂತೆ ಗಟ್ಟಿಯಾಗಿ, ಒಳಗಿನ ಸಣ್ಣ ರಕ್ತನಾಳಗಳು ಅಮುಕಿಹೋಗಿ, ಔಷಧವೂ ಟಿ ಕೋಶಗಳೂ ಒಳಹೊಗುವುದು ದುಸ್ತರವಾಗುವುದು.

ಎರಡನೆಯದು ಕಾವಲುಗಾರರನ್ನು ಒಲಿಸಿಕೊಳ್ಳುವುದು. ಮಹಾಭಕ್ಷಕಗಳಿಗೆ ಎರಡು ಸ್ವಭಾವಗಳುಂಟು: ಯುದ್ಧದಲ್ಲಿ ಕೊಲ್ಲುವುದು, ಯುದ್ಧ ಮುಗಿದ ಮೇಲೆ ಗಾಯ ಮಾಯಿಸುವುದು. ಅರ್ಬುದದ ಸಮೀಪಕ್ಕೆ ಬಂದವುಗಳಲ್ಲಿ ಎರಡನೆಯ ಸ್ವಭಾವವೇ ಮೇಲುಗೈಯಾಗುವುದು. ಅವು ಕೊಲ್ಲುವುದನ್ನು ಬಿಟ್ಟು ಗಂಟಿನ ಪೋಷಣೆಗೆ ನಿಲ್ಲುವುವು. ಇದಲ್ಲದೆ ಕೆಟ್ಟ ಕೆ-ರಾಸ್ ಜೀನಿನ ಪ್ರೇರಣೆಯಿಂದ ಹೊರಬೀಳುವ ರಾಸಾಯನಿಕ ಸಂದೇಶಗಳು ಇನ್ನೂ ಪಕ್ವವಾಗದ ಬಿಳಿಯ ಕಣಗಳನ್ನು ಮಜ್ಜೆಯಿಂದ ಕರೆತರುವುದೆಂದೂ, ಅವು ಟಿ ಕೋಶಗಳ ಕೈಕಟ್ಟುವುವೆಂದೂ 2012ರಲ್ಲಿ ಇಲಿಗಳ ಮೇಲಿನ ಪರೀಕ್ಷೆಗಳಿಂದ ತಿಳಿದಿದೆ. ಇಂತಹ ದಮನಕಾರಿ ಕೋಶಗಳು, ಕ್ಯಾನ್ಸರೆನ್ನಲಾಗದ ಅತ್ಯಾರಂಭದ ಅವಸ್ಥೆಯಲ್ಲಿಯೇ ಬಂದು ನೆಲೆಸುವುದನ್ನೂ ಇಲಿಗಳಲ್ಲಿ ಕಂಡಿರುವರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ಬೇಕೇ?

ಮೂರನೆಯದು ರಾಜಾಜ್ಞೆಯ ದುರುಪಯೋಗ. ಟಿ ಕೋಶಗಳಲ್ಲಿಯೇ ಒಂದು ವರ್ಗವು ಇತರರ ಆವೇಶವನ್ನು ಅಡಗಿಸಿ, ಮೈಯನ್ನು ತನ್ನವರ ಕೈಯಿಂದಲೇ ಕಾಪಾಡುವುದು. ಈ ನಿಯಂತ್ರಕ ಕೋಶಗಳ ವಿಚಾರವಾಗಿ ಕೆಲಸಮಾಡಿದ ಶಿಮೋನ್ ಸಕಗುಚಿ, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಎಂಬ ಮೂವರಿಗೆ 2025ರ ನೊಬೆಲ್ ಬಹುಮಾನವು ಸಂದಿತು. ಇವರಿಲ್ಲದಿದ್ದರೆ ನಾವು ಬದುಕಿರಲಾರೆವು. ಆದರೆ ಅರ್ಬುದವು ಇವರನ್ನೂ ತನ್ನ ಸುತ್ತ ಕೂಡಿಸಿಕೊಂಡು, ‘ಇಲ್ಲಿ ಯಾರೂ ಕೈಯೆತ್ತಬಾರದು’ ಎಂಬ ಶಾಂತಿಯನ್ನು ತನಗಾಗಿ ಸ್ಥಾಪಿಸಿಕೊಳ್ಳುವುದು.

ನಾಲ್ಕನೆಯದು ವೇಷ ಮರೆಸುವುದು. ಸರಕಿನ ಮಾದರಿಯನ್ನು ಎತ್ತಿ ತೋರಿಸುವ ತಟ್ಟೆಯನ್ನೇ ಈ ಕ್ಯಾನ್ಸರ್ ಕೋಶಗಳು ಒಳಕ್ಕೆ ಎಳೆದುಕೊಂಡು ಜೀರ್ಣಿಸಿಬಿಡುವುವೆಂದು 2020ರಲ್ಲಿ ಕಂಡುಹಿಡಿದರು. ಸಾಲದುದಕ್ಕೆ, ಚರ್ಮದ ಅಥವಾ ಶ್ವಾಸಕೋಶದ ಕ್ಯಾನ್ಸರುಗಳಿಗೆ ಹೋಲಿಸಿದರೆ ಇವುಗಳಲ್ಲಿ ಕೆಟ್ಟ ಗುರುತುಗಳ ಸಂಖ್ಯೆಯೇ ಕಡಮೆ. ಗುರುತನ್ನು ಒಯ್ಯಬೇಕಾದ ಶಾಖಾಕೋಶಗಳೂ ಇಲ್ಲಿ ವಿರಳ. ದೂತನಿಲ್ಲದ ಊರಿನಿಂದ ದೂರು ಹೋಗುವುದು ಹೇಗೆ?

ಈಗ ನಮ್ಮ ಮೊದಲ ಪ್ರಶ್ನೆಗೆ ಉತ್ತರ ದೊರೆಯಿತು. ಕಾವಲುಗಾರರು ಸತ್ತಿಲ್ಲ, ಬಲಹೀನರೂ ಆಗಿಲ್ಲ. ಅದೇ ರೋಗಿಯ ಮೈಯಲ್ಲಿ ಕಾಲಿಗೆ ಮುಳ್ಳು ಚುಚ್ಚಿದರೆ ಅವರು ಓಡಿಬರುವರು. ಈ ಒಂದು ಸ್ಥಳದಲ್ಲಿ ಮಾತ್ರ ಅವರು ಕೆಲವರು ಹೊರಗೆ ತಡೆಯಲ್ಪಟ್ಟು, ಕೆಲವರು ತಪ್ಪು ಆಜ್ಞೆಗೆ ಒಳಪಟ್ಟು, ಕೆಲವರು ಗುರುತು ತಿಳಿಯದೆ ನಿಂತಿರುವರು. ಕೊರತೆಯಿರುವುದು ಬಲದಲ್ಲಲ್ಲ, ತಿಳಿವಿನಲ್ಲಿ.

ಈ ಭೇದವು ಎಷ್ಟು ಮುಖ್ಯವೆಂಬುದು ಚಿಕಿತ್ಸೆಯ ಚರಿತ್ರೆಯಿಂದ ತಿಳಿಯುವುದು. ಟಿ ಕೋಶಗಳ ಮೇಲೆ, ಬಂಡಿಗೆ ತಡೆಯಿರುವಂತೆ, ಅವುಗಳ ಓಟವನ್ನು ನಿಲ್ಲಿಸುವ ಕೆಲವು ತಡೆಗಳಿವೆ. ಅವನ್ನು ಸಡಿಲಿಸಿದರೆ ಟಿ ಕೋಶಗಳು ಕ್ಯಾನ್ಸರಿನ ಮೇಲೆ ಬೀಳುವುವೆಂದು ತೋರಿಸಿದ ಅಮೆರಿಕದ ಜೇಮ್ಸ್ ಆಲಿಸನ್, ಜಪಾನಿನ ತಸುಕು ಹೋಂಜೊ ಇವರಿಗೆ 2018ರಲ್ಲಿ ನೊಬೆಲ್ ಬಹುಮಾನ ಬಂದಿತು. ಈ ಬಗೆಯ ಮೊದಲ ಔಷಧಕ್ಕೆ ಅಮೆರಿಕದಲ್ಲಿ 2011ರಲ್ಲಿ ಅನುಮತಿ ದೊರೆತು, ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಮರಣೋನ್ಮುಖರಾಗಿದ್ದ ಎಷ್ಟೋ ಜನ ವರ್ಷಗಟ್ಟಲೆ ಬದುಕಿದರು. ಅದೇ ಔಷಧಗಳನ್ನು ಮೇದೋಜೀರಕದ ರೋಗಿಗಳಿಗೆ ಕೊಡಲಾಗಿ, ಪ್ರಯೋಜನವು ಬಹುಮಟ್ಟಿಗೆ ಶೂನ್ಯವಾಯಿತು. ಕೋಶದೊಳಗಿನ ಬರೆಹವನ್ನು ತಿದ್ದುವ ವ್ಯವಸ್ಥೆ ಕೆಟ್ಟು ಗುರುತುಗಳು ಹೇರಳವಾಗಿರುವ, 100ಕ್ಕೆ ಸುಮಾರು ಒಬ್ಬ ರೋಗಿಗೆ ಮಾತ್ರ ಅವುಗಳಿಂದ ಗುಣವನ್ನು ನಿರೀಕ್ಷಿಸಬಹುದು. ಉಳಿದವರಲ್ಲಿ ತಡೆ ಸಡಿಲಿಸಲು ಬಂಡಿಯೇ ಅಲ್ಲಿಗೆ ಬಂದಿರಲಿಲ್ಲ.

ಗೋಡೆಯನ್ನು ಕೆಡವೋಣವೆಂದೂ ಯತ್ನಿಸಿದರು. 2014ರಲ್ಲಿ ಇಲಿಗಳಲ್ಲಿ ನಾರು ನೇಯುವ ಕೋಶಗಳನ್ನು ನಿರ್ಮೂಲ ಮಾಡಲಾಗಿ, ಆಶ್ಚರ್ಯಕರವಾಗಿ ಅರ್ಬುದವು ಇನ್ನೂ ಉಗ್ರವಾಯಿತು. ಇಲಿಗಳು ಬೇಗನೆ ಸತ್ತುವು. ಗೋಡೆಯು ಕಳ್ಳನನ್ನು ಕಾಯುತ್ತಿದ್ದುದಲ್ಲದೆ, ಕಳ್ಳನು ಊರೆಲ್ಲ ಹರಡದಂತೆ ತಡೆಯುತ್ತಲೂ ಇದ್ದಿತು. ಗೋಡೆಯೊಳಗಿನ ಅಂಟುಪದಾರ್ಥವನ್ನು ಕರಗಿಸುವ ಒಂದು ಔಷಧವನ್ನು ಮನುಷ್ಯರಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದುದೂ 2019ರಲ್ಲಿ ವಿಫಲವಾಯಿತು. ಕೇವಲ ಬಲಪ್ರಯೋಗದಿಂದ ಈ ದುರ್ಗವು ವಶವಾಗದೆಂಬ ಪಾಠವನ್ನು ಸಂಶೋಧಕರು ಹೀಗೆ ಕಲಿತರು.

ಇಲ್ಲಿ ಸ್ಟೈನ್‌ಮನ್‌ರವರ ಕಥೆಯನ್ನು ಹೇಳಲೇಬೇಕು. ಶಾಖಾಕೋಶಗಳನ್ನು ಕಂಡುಹಿಡಿದ ಆ ವೈದ್ಯರಿಗೆ 2007ರಲ್ಲಿ ಮೇದೋಜೀರಕದ ಕ್ಯಾನ್ಸರೇ ಬಂದಿತು. ಗೊತ್ತಾಗುವ ವೇಳೆಗೆ ರೋಗವು ಗ್ರಂಥಿಯನ್ನು ದಾಟಿ ದುಗ್ಧಗ್ರಂಥಿಗಳನ್ನು ಮುಟ್ಟಿದ್ದಿತು. ಅವರು ಶಸ್ತ್ರಚಿಕಿತ್ಸೆಯನ್ನೂ ಕೀಮೋಥೆರಪಿಯನ್ನೂ ಬಿಡಲಿಲ್ಲ. ಅದರ ಜೊತೆಗೆ ಮಿತ್ರರಾದ ಸಂಶೋಧಕರ ಸಹಾಯದಿಂದ ತಮ್ಮ ರಕ್ತದಿಂದಲೇ ಶಾಖಾಕೋಶಗಳನ್ನು ಬೆಳೆಸಿ, ತಮ್ಮ ಅರ್ಬುದದ ಗುರುತನ್ನು ಅವುಗಳಿಗೆ ಕಲಿಸಿ, ಮತ್ತೆ ಮೈಗೆ ಸೇರಿಸಿಕೊಂಡರು. ಇಂತಹ ಪ್ರಯೋಗಗಳನ್ನು ಒಂದಾದ ಮೇಲೊಂದು ತಮ್ಮ ಮೇಲೆಯೇ ನಡೆಸಿಕೊಳ್ಳುತ್ತ, ಪ್ರಯೋಗಶಾಲೆಗೂ ಹೋಗುತ್ತ, ಒಂದು ವರ್ಷ ಬದುಕುವುದೇ ಕಷ್ಟವೆಂಬ ರೋಗದಲ್ಲಿ ನಾಲ್ಕೂವರೆ ವರ್ಷ ಬದುಕಿದರು. 2011ರ ಸೆಪ್ಟೆಂಬರ್ 30ರಂದು ತೀರಿಕೊಂಡರು. ಮೂರು ದಿನಗಳಾದ ಮೇಲೆ, ಅಕ್ಟೋಬರ್ 3ರಂದು, ಆ ವರ್ಷದ ನೊಬೆಲ್ ಬಹುಮಾನದ ಅರ್ಧ ಭಾಗವು ಅವರಿಗೆಂದು ಸ್ಟಾಕ್‌ಹೋಮಿನಲ್ಲಿ ಸಾರಿದರು. ಮೃತರಿಗೆ ಆ ಬಹುಮಾನವನ್ನು ಕೊಡುವ ಪದ್ಧತಿಯಿಲ್ಲ. ಆದರೆ ಅವರು ಬದುಕಿರುವರೆಂಬ ನಂಬಿಕೆಯಿಂದ ನಿರ್ಣಯ ಮಾಡಿದ್ದ ಕಾರಣ, ಬಹುಮಾನವು ಅವರ ಹೆಸರಿನಲ್ಲಿಯೇ ಉಳಿಯಿತು. ತಾವು ಕಂಡ ಕೋಶಗಳೇ ಅವರ ಆಯುಷ್ಯವನ್ನು ಹೆಚ್ಚಿಸಿದುವೇ? ಒಬ್ಬ ಮನುಷ್ಯನಿಂದ ಅದನ್ನು ನಿರ್ಣಯಿಸಲಾಗದು; ಅವರು ಉಳಿದ ಚಿಕಿತ್ಸೆಗಳನ್ನೂ ಪಡೆದಿದ್ದರು. ಹೊಸದನ್ನು ಹುಡುಕುವಾಗಲೂ ಹಳೆಯ, ಪರೀಕ್ಷಿತವಾದ ಚಿಕಿತ್ಸೆಯನ್ನು ಬಿಡದಿದ್ದ ಅವರ ವಿವೇಕವಾದರೂ ಎಲ್ಲರಿಗೂ ಅನುಕರಣೀಯವಾದುದು.

ಗುರುತನ್ನು ಕಲಿಸಬೇಕೆಂಬ ಆ ಮಾರ್ಗವು ನಿಂತುಹೋಗಿಲ್ಲ. ಈ ರೋಗದಲ್ಲಿಯೂ ಬಹು ಕಾಲ ಬದುಕಿದ ಅಪರೂಪದ ರೋಗಿಗಳ ಗಂಟುಗಳನ್ನು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು ಪರೀಕ್ಷಿಸಿ, ಅವುಗಳೊಳಗೆ ಟಿ ಕೋಶಗಳು ಹೇರಳವಾಗಿ ನುಗ್ಗಿದ್ದುವೆಂದು 2017ರಲ್ಲಿ ಪ್ರಕಟಿಸಿದರು. ಕಾವಲುಗಾರರಿಗೆ ಗುರುತು ಸಿಕ್ಕರೆ ಈ ದುರ್ಗವೂ ಅಭೇದ್ಯವಲ್ಲವೆಂದು ಇದರಿಂದ ಆಶೆ ಹುಟ್ಟಿತು. ತರುವಾಯ ಅವರು 16 ರೋಗಿಗಳಿಗೆ, ಶಸ್ತ್ರಚಿಕಿತ್ಸೆಯಾದ ಮೇಲೆ, ಅವರವರ ಗಂಟಿನ ಗುರುತುಗಳನ್ನೇ ಬರೆದ ಎಂಆರ್‌ಎನ್‌ಎ ಲಸಿಕೆಯನ್ನು ಮಾಡಿ, ಬೇರೆ ಔಷಧಗಳೊಡನೆ ಕೊಟ್ಟರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ 8 ಮಂದಿಯಲ್ಲಿ ಹೊಸ ಟಿ ಕೋಶಗಳು ಎಚ್ಚತ್ತುವು. ಮೂರು ವರ್ಷಗಳಿಗೆ ಮೇಲೆ ನೋಡಲಾಗಿ, ಆ 8 ಮಂದಿಯಲ್ಲಿ ಇಬ್ಬರಿಗೆ ರೋಗ ಮರುಕಳಿಸಿತ್ತು. ಉಳಿದ 8 ಮಂದಿಯಲ್ಲಿ ಏಳು ಜನರಿಗೆ ಮರುಕಳಿಸಿತ್ತು. ಹದಿನಾರು ಜನರಿಂದ ಸಿದ್ಧಾಂತ ಮಾಡಲಾಗದು; ಎಚ್ಚತ್ತವರ ಮೈಯಲ್ಲಿ ಬೇರೆ ಅನುಕೂಲವಿದ್ದಿರಲೂಬಹುದು. ಅದಕ್ಕಾಗಿಯೇ ಇನ್ನೂ ಹೆಚ್ಚು ರೋಗಿಗಳಲ್ಲಿ ಪರೀಕ್ಷೆಯನ್ನು ಕೈಗೊಂಡಿರುವರು.

ಇನ್ನು ಗೃಹಸ್ಥರಿಗೆ ಸಂಬಂಧಪಟ್ಟ ಮಾತು. ನಮ್ಮೊಡನೆ ಬಹು ಕಾಲ ಪಾಠ ಹೇಳಿದ ಗಣಿತದ ಉಪಾಧ್ಯಾಯರೊಬ್ಬರು ಈ ರೋಗದಿಂದ ತೀರಿಕೊಂಡರು. ಮಿತಾಹಾರಿಗಳು, ಮುಂಜಾನೆ ಎದ್ದು ನಡೆಯುವವರು, ಯಾವ ದುರಭ್ಯಾಸವೂ ಇಲ್ಲದವರು. ಅವರನ್ನು ನೋಡಲು ಬಂದ ಬಂಧುಗಳಲ್ಲಿ ಒಬ್ಬೊಬ್ಬರೂ ಒಂದೊಂದು ಕಾರಣವನ್ನು ಹೇಳುವರು: ತುಪ್ಪ ಬಿಟ್ಟುದರಿಂದ, ಕಾಫಿ ಕುಡಿದುದರಿಂದ, ಚಿಂತೆ ಮಾಡಿದುದರಿಂದ ಶಕ್ತಿ ಕುಂದಿತೆಂದು. ಒಂದು ದಿನ ಅವರು ನಮ್ಮ ಕೈಹಿಡಿದು, “ಶಾಸ್ತ್ರಿಗಳೇ, ನನ್ನಿಂದ ಯಾವ ಅಪಥ್ಯವಾಯಿತು, ನೀವಾದರೂ ಹೇಳಿ” ಎಂದರು. ರೋಗದ ನೋವಿಗಿಂತ ಆ ಪ್ರಶ್ನೆಯ ನೋವು ಅವರನ್ನು ಹೆಚ್ಚಾಗಿ ಬಾಧಿಸುತ್ತಿದ್ದಿತು. “ನಿಮ್ಮಿಂದ ಯಾವುದೂ ಆಗಲಿಲ್ಲ” ಎಂದು ನಾವು ಹೇಳಿದೆವು. ಮೇಲೆ ವಿವರಿಸಿದುದನ್ನೆಲ್ಲ ನೋಡಿದರೆ ಅದು ಸಮಾಧಾನದ ಮಾತು ಮಾತ್ರವಲ್ಲ, ಶಾಸ್ತ್ರಸಮ್ಮತವಾದ ಮಾತೆಂಬುದು ವಾಚಕರಿಗೆ ಸ್ಪಷ್ಟವಾದೀತು. ಒಂದು ಕೋಶದಲ್ಲಿ ಒಂದು ಅಕ್ಷರ ತಪ್ಪುವುದನ್ನು ಯಾವ ಪಥ್ಯವೂ ಪೂರ್ತಿಯಾಗಿ ತಡೆಯಲಾರದು. ರೋಗಿಯನ್ನು ಅಪರಾಧಿಯಂತೆ ವಿಚಾರಣೆ ಮಾಡುವ ಅಭ್ಯಾಸವನ್ನು ನಾವು ಬಿಡಬೇಕು.

ರೋಗನಿರೋಧ ಶಕ್ತಿಯನ್ನು ಹೆಚ್ಚಿಸುವ ಚೂರ್ಣಗಳ ವಿಚಾರವನ್ನೂ ಇದರಿಂದಲೇ ತೀರ್ಮಾನಿಸಬಹುದು. ಆಜ್ಞೆ ತಪ್ಪಿದ ಸೈನ್ಯಕ್ಕೆ ಹೆಚ್ಚು ಅನ್ನ ಹಾಕಿದರೆ ಆಜ್ಞೆ ಸರಿಯಾಗದು. ಅಷ್ಟೇ ಅಲ್ಲ, ಮೇದೋಜೀರಕದಲ್ಲಿ ಕಾವಲುಗಾರರು ವರ್ಷಗಟ್ಟಲೆ ಕೆರಳಿರುವುದೇ, ಎಂದರೆ ದೀರ್ಘಕಾಲದ ಉರಿಯೂತವೇ, ಈ ಕ್ಯಾನ್ಸರಿಗೆ ಅನುಕೂಲವಾದ ನೆಲವೆಂದು ತಿಳಿದುಬಂದಿರುವುದು. ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರಿಗೆ ತಿಳಿಸದೆ ಯಾವ ಪುಡಿಯನ್ನೂ ಲೇಹ್ಯವನ್ನೂ ಸೇವಿಸಕೂಡದು.

ಮಾಡತಕ್ಕುದು ಏನೆಂದರೆ, ಮೊದಲನೆಯದಾಗಿ ಬೀಡಿ ಸಿಗರೇಟುಗಳನ್ನು ಬಿಡುವುದು. ಧೂಮಪಾನಿಗಳಿಗೆ ಈ ರೋಗದ ಭಯ ಇತರರಿಗಿಂತ ಸುಮಾರು ಇಮ್ಮಡಿ. ಮದ್ಯಪಾನವು ಮೇದೋಜೀರಕದ ದೀರ್ಘಕಾಲದ ಉರಿಯೂತಕ್ಕೆ ಮುಖ್ಯ ಕಾರಣಗಳಲ್ಲೊಂದು. ಎರಡನೆಯದಾಗಿ ಲಕ್ಷಣಗಳನ್ನು ಗಮನಿಸುವುದು. ಐವತ್ತು ದಾಟಿದವರಿಗೆ ಹಠಾತ್ತಾಗಿ ಸಿಹಿಮೂತ್ರರೋಗ ಕಾಣಿಸಿಕೊಂಡು, ಜೊತೆಗೆ ಕಾರಣವಿಲ್ಲದೆ ಮೈ ಇಳಿಯುತ್ತಿದ್ದರೆ ವೈದ್ಯರಿಗೆ ಆ ಎರಡನ್ನೂ ಒಟ್ಟಿಗೆ ಹೇಳಬೇಕು. ಹೆದರಬೇಕಾದುದಿಲ್ಲ, ಆ ವಯಸ್ಸಿನಲ್ಲಿ ಹೊಸದಾಗಿ ಸಿಹಿಮೂತ್ರ ಬಂದವರಲ್ಲಿ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಕಾಣುವುದು 100ಕ್ಕೆ ಸುಮಾರು ಒಬ್ಬರಲ್ಲಿ ಮಾತ್ರ. ಮೇಲುಹೊಟ್ಟೆಯಿಂದ ಬೆನ್ನಿಗೆ ಹರಿಯುವ ಬಿಡದ ನೋವು, ಜಿಡ್ಡುಜಿಡ್ಡಾದ ಮಲ, ಇವೂ ಗಮನಾರ್ಹವಾದುವು.

ಎಲ್ಲಕ್ಕಿಂತ ಮುಖ್ಯವಾಗಿ ಕಾಮಾಲೆಯ ಮಾತು. ಗ್ರಂಥಿಯ ತಲೆಯಲ್ಲಿ ಗಂಟು ಬೆಳೆದರೆ ಪಿತ್ತನಾಳವು ಅಮುಕಿಹೋಗಿ, ನೋವಿಲ್ಲದೆಯೇ ಕಣ್ಣು ಮೈ ಹಳದಿಯಾಗುವುವು. ಮೂತ್ರವು ಕಪ್ಪಾಗಿ, ಮಲವು ಬಿಳುಪಾಗಿ, ಮೈ ತುರಿಸುವುದು. ನಮ್ಮ ಸೀಮೆಯಲ್ಲಿ ಕಾಮಾಲೆಯೆಂದೊಡನೆ ಊರಿನಲ್ಲಿ ಸೊಪ್ಪಿನ ಔಷಧ ಕೊಡುವವರನ್ನು ಹುಡುಕಿಕೊಂಡು ಹೋಗಿ, ಕಿರುನೆಲ್ಲಿಯ ರಸವನ್ನು ಕುಡಿಸಿ, ಉಪ್ಪು ಎಣ್ಣೆ ಬಿಡಿಸಿ, ವಾರಗಟ್ಟಲೆ ಕಾಯುವುದು ರೂಢಿ. ಸೋಂಕಿನ ಕಾಮಾಲೆಗಳಲ್ಲಿ ಅನೇಕವು ತಾವಾಗಿಯೇ ಇಳಿಯುವುದರಿಂದ ಆ ಔಷಧಕ್ಕೆ ಕೀರ್ತಿ ಬಂದಿರುವುದು. ನಾಳ ಅಮುಕಿದ ಕಾಮಾಲೆಯು ಇಳಿಯುವುದಿಲ್ಲ. ಶಸ್ತ್ರಚಿಕಿತ್ಸೆಗೆ ಒದಗಬಹುದಾಗಿದ್ದ ಆ ವಾರಗಳು ಮಾತ್ರ ಕಳೆದುಹೋಗುವುವು. ವಿಚಿತ್ರವೇನೆಂದರೆ, ತಲೆಯಲ್ಲಿ ಬೆಳೆದ ಗಂಟೇ ಕಾಮಾಲೆಯ ಮೂಲಕ ಬೇಗ ತನ್ನನ್ನು ತೋರಿಸಿಕೊಳ್ಳುವುದು. ಒಳಗಿನ ಕಾವಲು ಕೂಗದಿದ್ದರೂ ಈ ಹಳದಿ ಬಣ್ಣವು ಕೂಗುವುದು. ಆದಕಾರಣ ನಲವತ್ತು ದಾಟಿದವರಿಗೆ ಕಾಮಾಲೆ ಬಂದರೆ ಅದೇ ವಾರದಲ್ಲಿ ವೈದ್ಯರಲ್ಲಿಗೆ ಕರೆದೊಯ್ದು ಹೊಟ್ಟೆಯ ಸ್ಕ್ಯಾನ್ ಮಾಡಿಸಿ, ಅವಶ್ಯವಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಕ್ಯಾನ್ಸರ್ ಆಸ್ಪತ್ರೆಗೆ ಹೋಗತಕ್ಕದ್ದು.

ಸಿಹಿಮೂತ್ರದ ಪ್ರಸ್ತಾಪ ಬಂದುದರಿಂದ, ಲ್ಯಾಂಗರ್‌ಹಾನ್ಸ್‌ನ ದ್ವೀಪಗಳ ಮತ್ತು ಇನ್ಸುಲಿನ್ನಿನ ವಿಚಾರವನ್ನು ಮುಂದಿನ ತಿಂಗಳು ಬರೆಯುವೆವು.